ಸಂತೆಯ ಶಾರ್ಕ್, ತೋಟದ ಕಪ್ಪೆ

ಪದವಿಪೂರ್ವ ತರಗತಿಗೆ ಕಶೇರುಕಗಳ, ಅಂದರೆ ಬೆನ್ನೆಲುಬಿರುವ ಪ್ರಾಣಿಗಳ, ಪಾಠ ಮಾಡುವಾಗ ಹಲವು ವರ್ಷ ಒಂದೇ ಕೋಷ್ಟಕ ಬರೆಸುತ್ತಿದ್ದೆ. ಶಾರ್ಕಿಗೆ ಮೃದ್ವಸ್ಥಿ (ಮೆದು ಎಲುಬು), ಕಪ್ಪೆಗೆ ಮೂಳೆ. ಶಾರ್ಕಿನ ಹೃದಯಕ್ಕೆ ಎರಡು ಕೋಣೆ, ಕಪ್ಪೆಯದಕ್ಕೆ ಮೂರು. ಪರೀಕ್ಷೆಯ ಮರುದಿನ ಮಕ್ಕಳು ಎಲ್ಲವನ್ನೂ ಮರೆಯುತ್ತಿದ್ದರು. ಕಪ್ಪೆ ಒಂದು ಮೆಟ್ಟಿಲು ಮೇಲಿನದು ಎಂಬುದಷ್ಟೇ ಅವರಲ್ಲೂ ನನ್ನಲ್ಲೂ ಉಳಿಯುತ್ತಿತ್ತು.

ಒಂದು ಆಗಸ್ಟಿನಲ್ಲಿ, ಕರಾವಳಿಯ ಮೀನುಗಾರಿಕೆ ನಿಷೇಧ ಮುಗಿದು ಮೀನಿನ ಲಾರಿಗಳು ಮತ್ತೆ ಘಟ್ಟ ಹತ್ತತೊಡಗಿದಾಗ, ಕೊಡಗಿನ ಗೋಣಿಕೊಪ್ಪದ ಸಂತೆಯಲ್ಲಿ ಸುಮಾರು ಎರಡು ಅಡಿಯ ಚಪ್ಪಟೆ ಮೂತಿಯ ಶಾರ್ಕ್ ಕಂಡಿತು. ಸ್ಕೋಲಿಯೋಡಾನ್ ಲ್ಯಾಟಿಕಾಡಸ್, ನನ್ನ ಕಾಲದ ಪಠ್ಯಪುಸ್ತಕದ ಹಳೆಯ ಪರಿಚಯಸ್ಥ. "ಮಾಷೇ, ತುಂಡು ಮಾಡಿ ಕೊಡಲೇ?" ಎಂದ ವ್ಯಾಪಾರಿಗೆ ಇಡಿಯಾಗಿಯೇ ಬೇಕೆಂದಾಗ ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಮೊದಲು ಮಕ್ಕಳಿಂದ ಚರ್ಮ ಮುಟ್ಟಿಸಿದೆ. ತಲೆಯಿಂದ ಬಾಲದ ಕಡೆಗೆ ನುಣುಪು, ಬಾಲದಿಂದ ತಲೆಯ ಕಡೆಗೆ ಮರಳು ಕಾಗದ. ಹಲ್ಲಿನಂತಹ ಸಣ್ಣ ಹುರುಪೆಗಳ ಕೆಲಸ ಅದು. ಹೃದಯ ತೋರಿಸಲು ಹೊಟ್ಟೆಯವರೆಗೂ ಸೀಳಿದ್ದು ನನ್ನ ಅವಸರ. ಒಳಗೆ ಮರಿಗಳಿದ್ದವು, ಒಂದೊಂದಕ್ಕೂ ಹೊಕ್ಕುಳಬಳ್ಳಿ! ತರಗತಿ ಸ್ತಬ್ಧವಾಯಿತು. ಈ ಶಾರ್ಕಿನ ಅಂಡ ಸುಮಾರು ಒಂದು ಮಿಲಿಮೀಟರಿನಷ್ಟು ಚಿಕ್ಕದು, ಅದರಲ್ಲಿ ಹಳದಿ ಭಾಗ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮರಿಗೆ ಆಹಾರ ಜರಾಯುವಿನ (ಮಾಸಿನ) ಮೂಲಕ ತಾಯಿಯಿಂದಲೇ ಬರಬೇಕು. ಇದನ್ನು ನಾನು ಓದಿದ್ದೆ, ಆದರೆ ಒಮ್ಮೆಯೂ ಕೋಷ್ಟಕಕ್ಕೆ ಸೇರಿಸಿರಲಿಲ್ಲ.

"ಹಾಗಾದರೆ ನಮ್ಮ ತೋಟದ ಕಪ್ಪೆ, ಸಾರ್?" ಎಂದಳು ಹಿಂದಿನ ಬೆಂಚಿನವಳು.

ಅವಳು ಕೇಳಿದ್ದು ಕಾಫಿ ಗಿಡಗಳ ನಡುವೆ ಮುಸ್ಸಂಜೆ ಕೂಗುವ ಹಳದಿ ಪೊದೆಗಪ್ಪೆಯನ್ನು. ಕಣ್ಣಿನ ಸುತ್ತ ನೀಲಿ ಛಾಯೆಯ ಈ ರಾವೋರ್ಚೆಸ್ಟಿಸ್ ಲುಟಿಯೋಲಸ್ ಕೊಡಗಿನದ್ದೇ ಹೆಮ್ಮೆ. ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಹೆಸರಿಟ್ಟದ್ದು 2003ರಲ್ಲಿ. ಕೆರೆಯ ಕಪ್ಪೆಗಳಂತೆ ಇದಕ್ಕೆ ಈಜುವ ಗೊದಮೊಟ್ಟೆಯ ಹಂತವಿಲ್ಲ. ನೀರಿನ ಹೊರಗಿನ ತೇವದಲ್ಲಿ ಇಟ್ಟ ಮೊಟ್ಟೆಯೊಳಗೇ ಆ ಬಾಲ್ಯ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ. ಮೊಟ್ಟೆಯಲ್ಲಿ ಹಳದಿಯ ಬುತ್ತಿ ಕಟ್ಟಿಕೊಟ್ಟಿರುವುದರಿಂದ ಅದಕ್ಕೆ ಜರಾಯು ಬೇಡ.

ಮರುದಿನ ಕೋಷ್ಟಕವನ್ನೆಲ್ಲ ಅಳಿಸಿ ಕಪ್ಪುಹಲಗೆಯ ಮೇಲೆ ಒಂದೇ ಸಾಲು ಬರೆದೆ: ಮರಿಗೆ ಊಟ ಎಲ್ಲಿಂದ? ಉಳಿದ ವ್ಯತ್ಯಾಸಗಳನ್ನು ಅವರೇ ಕೇಳಿಕೊಂಡು ಬಂದರು, ಹೃದಯದ ಕೋಣೆಗಳನ್ನೂ. ಕಪ್ಪೆಯನ್ನು ಮಾತ್ರ ಹಿಡಿದು ತರಬೇಡಿ ಎಂದಿದ್ದೆ. ಮೊಬೈಲಿನಲ್ಲಿ ಕೂಗು ಮುದ್ರಿಸಿ ತಂದರು.

ಶಾರ್ಕ್ ಮರಿಗಳು ಈಗಲೂ ಫಾರ್ಮಲಿನ್ ಸೀಸೆಯಲ್ಲಿವೆ. ಉಳಿದ ಮೀನನ್ನು ಸಾರು ಮಾಡಲು ನನಗೆ ಮನಸ್ಸಾಗಲಿಲ್ಲ, ಪ್ರಯೋಗಾಲಯದ ಸಹಾಯಕನಿಗೆ ಆಯಿತು.