ಕಲೆ ಒಂದೆಡೆ, ಸೋರಿಕೆ ಇನ್ನೊಂದೆಡೆ

ಸೀಲಿಂಗಿನಲ್ಲಿ ಕಲೆ ಕಂಡರೆ ಸಾಕು, ಅದರ ನೇರ ಮೇಲೆ ಎಲ್ಲಿ ಬರುತ್ತದೆ ಎಂದು ಅಂದಾಜು ಮಾಡಿ ತಾರಸಿಗೆ ಹತ್ತಿ ಒಂದಿಷ್ಟು ಸಿಮೆಂಟ್ ಬಳಿದು ಬರುತ್ತೇವೆ. ಮುಂದಿನ ಮಳೆಗೆ ಕಲೆ ಮತ್ತೆ ಹಾಜರ್. ನೀರಿಗೆ ನೇರ ದಾರಿಯ ಹಂಗಿಲ್ಲ. ಮೇಲಿನ ಗಾರೆಗೂ ಕಾಂಕ್ರೀಟಿಗೂ ನಡುವೆ ಇಳಿಜಾರು ಹಿಡಿದು ಹರಿದು, ಸಂದು ಸಿಕ್ಕ ಕಡೆ ತೊಟ್ಟಿಕ್ಕುತ್ತದೆ. ಫ್ಯಾನಿನ ಹುಕ್ಕು, ವೈರಿನ ಪೈಪು ಹತ್ತಿರದಲ್ಲಿದ್ದರೆ ಅಲ್ಲೇ ಇಳಿಯುತ್ತದೆ. (ಹಾಗೆ ಇಳಿಯುವುದು ಕಂಡರೆ ಮೊದಲು ಆ ಲೈನಿನ ಕರೆಂಟು ತೆಗೆಯಿರಿ, ಬಕೆಟ್ ಹುಡುಕುವುದು ಆಮೇಲೆ.)

ನಮ್ಮ ಮನೆಯ ಮುಂಭಾಗ ಆರ್‌ಸಿಸಿ ತಾರಸಿ, ಹಿಂಬದಿ ಹೆಂಚಿನ ಮಾಡು. ಎರಡನ್ನೂ ಬಹಳ ಕಾಲದಿಂದ ನಾನೇ ನೋಡಿಕೊಂಡು ಬಂದಿದ್ದೇನೆ. ನಾನು ಕಂಡ ಮಟ್ಟಿಗೆ ತಾರಸಿ ನಟ್ಟನಡುವೆ ಸೋರುವುದು ಅಪರೂಪ. ಒಂದು ವಸ್ತು ಇನ್ನೊಂದನ್ನು ಸೇರುವ ಕಡೆಯೇ ಸೋರುವುದು ಹೆಚ್ಚು: ಪ್ಯಾರಾಪೆಟ್ ಗೋಡೆ ತಾರಸಿಯನ್ನು ಮುಟ್ಟುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಕಾಲು ಕೂತ ಜಾಗ, ಮೆಟ್ಟಿಲ ಕೋಣೆಯ ಬುಡ. ಹಾಗಾಗಿ ತಾರಸಿಗೆ ಹೋದರೆ ನಾನು ಅಂಚಿನಲ್ಲೇ ಸುತ್ತುತ್ತೇನೆ.

ಹತ್ತುವ ಮೊದಲು ಒಳಗೆ ಮಾಡುವ ಕೆಲಸ ಒಂದಿದೆ. ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯುತ್ತೇನೆ. ಮಳೆ ಬಂದಾಗ ಮಾತ್ರ ಕಲೆ ಗೆರೆ ದಾಟಿದರೆ ಮಾಡಿನದೇ ತಂಟೆ. ವಾರಗಟ್ಟಲೆ ಬಿಸಿಲಿದ್ದರೂ ಹಸಿಯಾಗೇ ಇದ್ದರೆ ಟ್ಯಾಂಕಿನ ಪೈಪನ್ನೋ ಮೇಲಿನ ಬಚ್ಚಲನ್ನೋ ನೋಡಬೇಕು. ಚಳಿಗಾಲದಲ್ಲಿ ಮೂಲೆಯಲ್ಲಷ್ಟೇ ಕಪ್ಪು ಬೂಷ್ಟು ಹಿಡಿದು ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆಯೇ? ಅದು ಒಳಗಿನ ಗಾಳಿಯ ತೇವ ತಣ್ಣನೆಯ ಕಾಂಕ್ರೀಟಿಗೆ ತಾಗಿ ನೀರಾದದ್ದು. ಅದಕ್ಕೆ ತಾರಸಿಗೆ ಎಷ್ಟು ಬಳಿದರೂ ಉಪಯೋಗವಿಲ್ಲ. ಬಣ್ಣದ ಮೇಲೆ ಬಿಳಿ ಪುಡಿ ಎದ್ದಿದ್ದರೆ ನೀರು ಕಾಂಕ್ರೀಟಿನ ಒಳಗಿನ ಲವಣವನ್ನು ಕರಗಿಸಿ ಹೊರಗೆ ತಂದಿದೆ ಎಂದರ್ಥ. ಅಂಥ ಜಾಗದಲ್ಲಿ ಸೋರಿಕೆ ಹಳೆಯದು.

ಒಮ್ಮೆ ಮಲಗುವ ಕೋಣೆಯ ಒಳಮೂಲೆಯಲ್ಲಿ ಕಲೆ ಬೆಳೆಯತೊಡಗಿತು. ಮೇಲೆ ಆ ಜಾಗದಲ್ಲಿ ಒಂದು ಗೀರೂ ಇಲ್ಲ. ಆಗ ಮಾಡಿದ್ದು ಪೈಪಿನ ಪರೀಕ್ಷೆ. ಒಣದಿನ ನೋಡಿಕೊಂಡು, ಕೆಳಗೆ ಮಗನನ್ನು ಟಾರ್ಚ್ ಕೊಟ್ಟು ನಿಲ್ಲಿಸಿ, ತಾರಸಿಯ ಅತ್ಯಂತ ತಗ್ಗಿನ ಕಡೆಯಿಂದ ನೀರು ಬಿಡಲು ಶುರುಮಾಡಿದೆ. ಒಂದು ಜಾಗಕ್ಕೆ ಅರ್ಧ ಗಂಟೆಯಾದರೂ ಬಿಡಬೇಕು, ಏನೂ ಆಗದಿದ್ದರೆ ಮಾತ್ರ ಸ್ವಲ್ಪ ಮೇಲಕ್ಕೆ ಸರಿಯಬೇಕು. ಅವಸರಪಟ್ಟು ಎಲ್ಲ ಕಡೆ ಒಟ್ಟಿಗೆ ನೆನೆಸಿದರೆ ಎಲ್ಲಿಂದ ಇಳಿಯಿತೆಂದು ಗೊತ್ತಾಗುವುದಿಲ್ಲ. ಮಳೆನೀರಿನ ಪೈಪಿನ ಬಾಯಿಯ ಸುತ್ತ ಬಿಟ್ಟಾಗ ಕೆಳಗಿನಿಂದ "ಬಂತು ಬಂತು" ಎಂಬ ಕೂಗು. ಕಲೆ ಇದ್ದ ಮೂಲೆಗೂ ಆ ಪೈಪಿಗೂ ನಾಲ್ಕು ಹೆಜ್ಜೆ ಅಂತರ!

ಜಾಲರಿ ತೆಗೆದು ನೋಡಿದರೆ ಪಿವಿಸಿ ಪೈಪಿಗೂ ಗಾರೆಗೂ ನಡುವೆ ಉಗುರು ತೂರುವಷ್ಟು ಸಂದು, ಅದರೊಳಗೆ ಕೊಳೆತ ಎಲೆಯ ಕಪ್ಪು ಮಣ್ಣು, ಆ ಮಣ್ಣಿನಲ್ಲಿ ಬೇರು ಬಿಟ್ಟ ಸಣ್ಣ ಸಸಿ. ಬಿಸಿಲಿಗೆ ಪಿವಿಸಿ ಕಾಂಕ್ರೀಟಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ರಾತ್ರಿ ಅಷ್ಟೇ ಕುಗ್ಗುತ್ತದೆ. ಅದರ ಸುತ್ತ ಬರೀ ಸಿಮೆಂಟ್ ತುಂಬಿದರೆ ಸಂದು ಬಿಡದೆ ಇರದು. ಸಸಿಯನ್ನು ಬೇರುಸಮೇತ ಕಿತ್ತು, ಪೈಪಿನ ಸುತ್ತಲಿನ ಸಡಿಲ ಗಾರೆಯನ್ನು ಉಳಿಯಿಂದ ಒಡೆದು, ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಲು ಬಿಟ್ಟೆ. ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಿ, ಪೈಪು ಮತ್ತು ಗಾರೆ ಸೇರುವ ವೃತ್ತದಲ್ಲಿ ಪಾಲಿಯುರಿಥೇನ್ ಸೀಲೆಂಟ್ ಎಳೆದೆ. ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಕೆಲಸ ಸಣ್ಣದು, ಆದರೆ ಒಣಗಿಸುವುದಕ್ಕೆ ತಾಳ್ಮೆ ಬೇಕು. ಜಾಗ ಒಣಗಿದೆಯೇ ಎಂದು ಕೈಯಲ್ಲಿ ಮುಟ್ಟಿ ಹೇಳಲಾಗದು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ ಮರುದಿನ ಎತ್ತಿ ನೋಡುತ್ತೇನೆ. ಅಡಿಯಲ್ಲಿ ಹನಿ ಕಟ್ಟಿದ್ದರೆ ಒಳಗೆ ಇನ್ನೂ ನೀರಿದೆ. ಅದರ ಮೇಲೆ ವಾಟರ್‌ಪ್ರೂಫ್ ಬಳಿದರೆ ಒಂದೇ ಬೇಸಿಗೆಗೆ ಗುಳ್ಳೆ ಎದ್ದು ಸುಲಿಯುತ್ತದೆ.

ಬಿರುಕುಗಳ ವಿಷಯಕ್ಕೆ ಬಂದರೆ, ಎಲ್ಲ ಬಿರುಕೂ ಹೆದರುವಂಥದ್ದಲ್ಲ. ಗಾರೆ ಒಣಗುವಾಗ ಮೇಲ್ಮೈಯಲ್ಲಿ ಬಲೆಯಂತೆ ಮೂಡುವ ಕೂದಲೆಳೆ ಗೀರುಗಳಿಗೆ ಒಂದೆರಡು ಕೈ ಕೋಟಿಂಗ್ ಸಾಕು. ಕಾಂಕ್ರೀಟ್ ವಿನ್ಯಾಸದ ನಿಯಮಗಳಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರ್ ಅಗಲದವರೆಗಿನ ಬಿರುಕನ್ನು ಒಪ್ಪುತ್ತಾರೆ. ನಾನು ಗಮನಿಸುವುದು ಬಿರುಕು ಜೀವಂತವೋ ಅಲ್ಲವೋ, ಅಂದರೆ ಇನ್ನೂ ಅಲುಗುತ್ತಿದೆಯೋ ಎಂಬುದನ್ನು. ಎರಡೂ ತುದಿಗೆ ಅಡ್ಡಗೆರೆ ಹಾಕಿಟ್ಟು, ಸುಡು ಬಿಸಿಲಿನಲ್ಲೊಮ್ಮೆ, ತಂಪು ಬೆಳಗಿನಲ್ಲೊಮ್ಮೆ ನೋಡುತ್ತೇನೆ. ಹತ್ತು ಮೀಟರ್ ಉದ್ದದ ತಾರಸಿ 30 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟು ಅಲುಗಾಡುವ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಹಳೆಯ ಬಿರುಕಿನ ಪಕ್ಕದಲ್ಲೇ ಹೊಸದು ಹುಟ್ಟುತ್ತದೆ. ಅದನ್ನು ವಿ ಆಕಾರದಲ್ಲಿ ಸ್ವಲ್ಪ ಅಗಲ ಮಾಡಿ, ದೂಳು ತೆಗೆದು, ಹಿಗ್ಗುವ ಸೀಲೆಂಟನ್ನೇ ತುಂಬಬೇಕು. ಪ್ಯಾರಾಪೆಟ್ಟಿನ ಬುಡಕ್ಕೂ ಇದೇ ಮಾತು. ಅಲ್ಲಿ ನೇರ ಮೂಲೆ ಬಿಡದೆ ಗಾರೆಯನ್ನು ದುಂಡಗೆ ಏರಿಸಿ, ಕೋಟಿಂಗನ್ನು ಗೋಡೆಯ ಮೇಲೆ ಒಂದಡಿಯಷ್ಟಾದರೂ ಹತ್ತಿಸುತ್ತೇನೆ.

ನಿಜವಾಗಿ ನಿದ್ದೆಗೆಡಿಸಬೇಕಾದದ್ದು ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿಯ ತುಕ್ಕು. ಸೀಲಿಂಗಿನಲ್ಲಿ ಕಂದು ಬಣ್ಣದ ಗೆರೆ ಸ್ಕೇಲ್ ಹಿಡಿದು ಎಳೆದಂತೆ ನೇರವಾಗಿದ್ದರೆ ಅದರ ಹಿಂದೆ ಕಂಬಿ ಇದೆ ಎಂದುಕೊಳ್ಳಿ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗವಿಲ್ಲದೆ ಕಾಂಕ್ರೀಟನ್ನೇ ಒಡೆದು ಕೆಳಗೆ ತಳ್ಳುತ್ತದೆ. ಕೋಲಿನ ತುದಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಡಬ್ ಎನ್ನುತ್ತದೆ. ಡಬ್ ಎಂದ ಜಾಗದ ಅಡಿ ಮಂಚ ಹಾಕಬೇಡಿ. ಅದರ ಮೇಲೆ ಪ್ಲಾಸ್ಟರ್ ಬಳಿದು ಬಣ್ಣ ಹೊಡೆಸಿ ಮುಚ್ಚುವವರಿದ್ದಾರೆ. ನನ್ನ ಪ್ರಕಾರ ಅದಕ್ಕಿಂತ ಹಾಗೇ ಬಿಡುವುದು ವಾಸಿ, ಕಣ್ಣಿಗಾದರೂ ಬೀಳುತ್ತಿರುತ್ತದೆ.

ನೀರು ನಿಲ್ಲುವ ಜಾಗ ಪತ್ತೆ ಮಾಡಲು ಮಳೆಯಲ್ಲಿ ಹತ್ತಬೇಕಿಲ್ಲ. ಒಣಗಿದ ಮೇಲೆ ದೂಳಿನ ಉಂಗುರ ತಾನೇ ಮೂಡಿರುತ್ತದೆ. ಎರಡು ದಿನ ಕಳೆದರೂ ನೀರು ಇಂಗದೆ ನಿಂತಿದ್ದರೆ ಅಲ್ಲಿ ಇಳಿಜಾರು ಸಾಲದು. ಮೀಟರಿಗೆ ಒಂದು ಸೆಂಟಿಮೀಟರಾದರೂ ತಗ್ಗಿರಬೇಕು. ಭಾರದ ಲೆಕ್ಕವನ್ನೂ ಮರೆಯುವಂತಿಲ್ಲ. ಒಂದು ಚದರ ಮೀಟರಿನಲ್ಲಿ 5 ಸೆಂಟಿಮೀಟರ್ ನೀರು ನಿಂತರೆ 50 ಕಿಲೋ. ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡ ಒಂದೇ ರಾತ್ರಿಯಲ್ಲಿ ಟನ್ನುಗಟ್ಟಲೆ ಭಾರ ಏರುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ನಡುವೆ ಜೋರು ಗಾಳಿ ಬೀಸಿದ ಮೇಲೆಲ್ಲ ಜಾಲರಿಯ ಕಸ ಕೈಯಾರೆ ತೆಗೆದು ಬರುತ್ತೇನೆ.

ಹೆಂಚಿನ ಮಾಡಿಗೆ ಬೇರೆಯದೇ ಕಣ್ಣು ಬೇಕು. ಹಗಲಲ್ಲಿ ಒಳಗೆ ದೀಪ ಆರಿಸಿ ಅಟ್ಟದಲ್ಲಿ ನಿಂತರೆ ಸರಿದ ಹೆಂಚು, ಒಡೆದ ಹೆಂಚು ಬೆಳಕಿನ ಚುಕ್ಕಿಯಾಗಿ ತಾವೇ ತೋರಿಸಿಕೊಳ್ಳುತ್ತವೆ. ಹೆಂಚು ಹೊರುವ ಮರದ ಪಕಾಸು, ರೀಪುಗಳನ್ನು ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚುತ್ತೇನೆ. ಸಲೀಸಾಗಿ ಒಳಗಿಳಿದರೆ ಗೆದ್ದಲೋ ಕೊಳೆತವೋ ಇದ್ದೇ ಇದೆ. ಎರಡು ಮಾಡು ಕೂಡುವ ದೋಣಿಯಲ್ಲಿ ಕಸ ಸೇರಿದರೆ ನೀರು ಪಕ್ಕಕ್ಕೆ ಉಕ್ಕಿ ಹೆಂಚಿನಡಿ ನುಗ್ಗುತ್ತದೆ, ಒಡೆದ ಹೆಂಚು ಒಂದೂ ಇಲ್ಲದಿದ್ದರೂ ಮನೆ ಸೋರುತ್ತದೆ. ಪಾಚಿ ಹಿಡಿದರೆ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಕ್ಕೆ ಉಜ್ಜುತ್ತೇನೆ. ಜೋರು ಒತ್ತಡದ ನೀರು ಹೊಡೆದರೆ ಅದೇ ನೀರು ಹೆಂಚಿನ ಸಂದಿನಿಂದ ಒಳಗೆ ಬರುತ್ತದೆ.

ಏಣಿ ನಾಲ್ಕಡಿ ಎತ್ತರಕ್ಕೆ ಒಂದಡಿ ದೂರದ ಲೆಕ್ಕದಲ್ಲಿ ಇಡುತ್ತೇನೆ, ಒದ್ದೆ ಇದ್ದಾಗ ಮಾಡಿಗೆ ಕಾಲಿಡುವುದಿಲ್ಲ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟಿದ್ದರೆ ಅದನ್ನು ಉಜ್ಜುವುದು, ಕೊರೆಯುವುದು ಬೇಡ. ಎಳೆಗಳು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತವೆ. ದೂರದಿಂದ ನೋಡಿದಾಗ ಮಾಡಿನ ನೆತ್ತಿಯ ಗೆರೆ ನಡುವೆ ಬಾಗಿದಂತಿದ್ದರೆ, ತಾರಸಿಯ ಬಿರುಕು ಗೋಡೆಗೂ ಇಳಿದಿದ್ದರೆ, ಕಂಬಿ ಹೊರಗೆ ಕಾಣುತ್ತಿದ್ದರೆ ನಾನು ಉಳಿ ಮುಟ್ಟದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸುತ್ತೇನೆ. ಅವರು ಬಂದಾಗ ದಿನಾಂಕ ಬರೆದ ಆ ಪೆನ್ಸಿಲ್ ಗೆರೆಗಳನ್ನು ತೋರಿಸಿದರೆ ಅವರ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರವಿರುತ್ತದೆ.