ಕದ್ದುಹೋದ ಹೋಂಸ್ಟೇ ಖಾತೆಯನ್ನು ಬಿಡಿಸಿಕೊಂಡದ್ದು: ನನ್ನ ಅನುಭವ

ಹೊಸ ಖಾತೆ ತೆರೆಯುವುದೊಂದೇ ದಾರಿ ಎಂದು ನನಗೆ ಹೇಳದವರಿರಲಿಲ್ಲ. ವಿರಾಜಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಭಾವನ ಮಗ, ಹೋಂಸ್ಟೇ ಮಾಲೀಕರ ವಾಟ್ಸ್‌ಆ್ಯಪ್ ಗುಂಪಿನ ಹಿರಿಯರು, ಕೊನೆಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಕೂಡ ಅದನ್ನೇ ಹೇಳಿದರು. ಆದರೆ 2024ರ ಕೈಲ್‌ಪೊಳ್ದ್ ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಕೈತಪ್ಪಿದ ನಮ್ಮ ಇನ್‌ಸ್ಟಾಗ್ರಾಂ ಖಾತೆ, ಹತ್ತೊಂಬತ್ತನೆಯ ದಿನ, ಮಡಿಕೇರಿ ದಸರಾ ಬುಕಿಂಗ್ ಬಿರುಸಾಗುವ ಹೊತ್ತಿಗೆ, ಹನ್ನೊಂದು ಸಾವಿರದಷ್ಟು ಫಾಲೋವರ್‌ಗಳ ಸಮೇತ ಮರಳಿ ಬಂದಿತು. 2018ರ ಮಳೆ ಮತ್ತು ಭೂಕುಸಿತದ ನಂತರ ಜನರು ಕೊಡಗಿನ ಹೆಸರೆತ್ತಲು ಹೆದರುತ್ತಿದ್ದಾಗ ಅತಿಥಿಗಳನ್ನು ಒಬ್ಬೊಬ್ಬರಾಗಿ ಮತ್ತೆ ಕರೆತಂದದ್ದು ಈ ಖಾತೆಯೇ ಆದ್ದರಿಂದ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ಕಳೆದುಕೊಂಡ ರೀತಿಯನ್ನು ಹೇಳಲು ನಾಚಿಕೆಯಾಗುತ್ತದೆ. ಕಕ್ಕಬ್ಬೆ ಕಡೆಯ ಪರಿಚಿತರೊಬ್ಬರ ಹೋಂಸ್ಟೇ ಖಾತೆಯಿಂದ, ತಮ್ಮನ್ನು ಯಾವುದೋ ಸ್ಪರ್ಧೆಗೆ ಆರಿಸಿದ್ದಾರೆ, ಓಟು ಹಾಕಲು ನಿಮ್ಮ ಮೊಬೈಲಿಗೆ ಒಂದು ಲಿಂಕ್ ಬರುತ್ತದೆ, ಅದರ ಸ್ಕ್ರೀನ್‌ಶಾಟ್ ಕಳುಹಿಸಿ ಎಂಬ ಸಂದೇಶ ಬಂದಿತು. ಲಿಂಕನ್ನು ಒತ್ತಬಾರದೆಂದು ಬಲ್ಲ ನಾನು ಅದನ್ನು ಒತ್ತದೆ, ಚಿತ್ರ ತೆಗೆದು ಕಳುಹಿಸಿದೆ. ಅದು ನನ್ನದೇ ಪಾಸ್‌ವರ್ಡ್ ಬದಲಿಸುವ ಲಿಂಕ್ ಆಗಿತ್ತು. ಅವರು ಚಿತ್ರದಲ್ಲಿದ್ದ ಅಕ್ಷರಗಳನ್ನು ನೋಡಿಕೊಂಡು ಟೈಪ್ ಮಾಡಿದರೆ ಸಾಕಾಗಿತ್ತು. ಸಂದೇಶ ಕಳುಹಿಸಿದ ಪರಿಚಿತರ ಖಾತೆ ಅದಾಗಲೇ ಕಳ್ಳರ ಕೈಯಲ್ಲಿತ್ತು. ಅದೇ ಸಂಜೆ ಮರ ಬಿದ್ದು ಕರೆಂಟು ಹೋಯಿತು, ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ಮೂರು ದಿನ ಕಳೆದು ನೋಡುವಾಗ ಇಮೇಲ್, ಫೋನ್ ಸಂಖ್ಯೆ, ಖಾತೆಯ ಹೆಸರು ಎಲ್ಲವೂ ಬದಲಾಗಿದ್ದವು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ಕೇಳುವ ಎರಡು ಹಂತದ ದೃಢೀಕರಣವನ್ನು ಕಳ್ಳರು ತಮ್ಮ ಆ್ಯಪ್‌ಗೆ ಜೋಡಿಸಿಕೊಂಡಿದ್ದರು. ತಡಿಯಂಡಮೋಳ್ ಬೆಟ್ಟದ ಚಿತ್ರದ ಪಕ್ಕದಲ್ಲಿ ಕ್ರಿಪ್ಟೋ ಜಾಹೀರಾತು ನೇತಾಡುತ್ತಿತ್ತು.

ಮೊದಲ ವಾರ ಮಾಡಿದ್ದೆಲ್ಲ ತಪ್ಪೇ. ನಾನು ಹೊಸ ಫೋನಿನಿಂದ, ಮಗಳು ಬೆಂಗಳೂರಿನಿಂದ, ಭಾವನ ಮಗ ವಿರಾಜಪೇಟೆಯಿಂದ ಏಕಕಾಲಕ್ಕೆ ಪಾಸ್‌ವರ್ಡ್ ಬದಲಿಸಲು ಹೊರಟೆವು. ಒಂದೇ ಬಾಗಿಲನ್ನು ಮೂರು ಊರಿನಿಂದ ಬಡಿದರೆ ಒಳಗಿರುವವರಿಗೆ ಬಡಿಯುವವರೇ ಕಳ್ಳರಂತೆ ಕಾಣುವುದು ಸಹಜ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂಬ ಉತ್ತರ ಬಿಟ್ಟು ಬೇರೇನೂ ಬರಲಿಲ್ಲ. ಗುಂಪಿನ ಮೂವತ್ತು ನಲವತ್ತು ಜನ ಸೇರಿ ಖಾತೆಯನ್ನು ನಕಲಿ ಎಂದು ರಿಪೋರ್ಟ್ ಮಾಡಲು ಆರಂಭಿಸಿದ್ದರು. ಖಾತೆಯೇ ಮುಚ್ಚಿಹೋದರೆ ಬಿಡಿಸಿಕೊಳ್ಳುವುದೇನನ್ನು ಎಂದು ಕೈಮುಗಿದು ನಿಲ್ಲಿಸಿದೆ. ಇದಕ್ಕೆಲ್ಲ ಕಿರೀಟವಿಟ್ಟಂತೆ, ಟೆಲಿಗ್ರಾಂನಲ್ಲಿ ಸಿಕ್ಕ ‘ರಿಕವರಿ ಎಕ್ಸ್‌ಪರ್ಟ್’ ಒಬ್ಬನಿಗೆ ಮೊದಲು ಆರು ಸಾವಿರ, ಬಳಿಕ ಸರ್ವರ್ ಶುಲ್ಕವೆಂದು ನಾಲ್ಕು ಸಾವಿರ ಕೊಟ್ಟೆ. ಮೂರನೆಯ ಬಾರಿ ಕೇಳಿದಾಗಲೇ ನನಗೆ ಎಚ್ಚರವಾದದ್ದು. ಆ ಹತ್ತು ಸಾವಿರದಲ್ಲಿ ತೋಟದ ಹಲವು ದಿನದ ಕೂಲಿ ತೀರುತ್ತಿತ್ತು ಎಂದು ಹೆಂಡತಿ ಈಗಲೂ ನೆನಪಿಸುತ್ತಾಳೆ.

ಈ ನಡುವೆ ಕಳ್ಳರು ನಮ್ಮ ಹೆಸರಿನಲ್ಲಿ ದಸರಾ ಕೋಣೆಗಳಿಗೆ ಮುಂಗಡ ವಸೂಲಿ ಮಾಡಿದ್ದರು. ಮೈಸೂರಿನ ಕುಟುಂಬವೊಂದು ಸುಮಾರು ಏಳು ಸಾವಿರ, ಬೆಂಗಳೂರಿನ ಹುಡುಗರು ನಾಲ್ಕೂವರೆ ಸಾವಿರ ಕಟ್ಟಿದ್ದರು. ಮೈಸೂರಿನವರು ಅನುಮಾನ ಬಂದ ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರಿಂದ ಹಣ ಎದುರಿನ ಬ್ಯಾಂಕಿನಲ್ಲೇ ತಡೆಹಿಡಿಯಲ್ಪಟ್ಟು, ಐದಾರು ತಿಂಗಳ ಮೇಲೆ ನ್ಯಾಯಾಲಯದ ಆದೇಶದಂತೆ ಮರಳಿತು. ಹುಡುಗರು ಮೂರು ದಿನ ತಡಮಾಡಿದರು, ಅವರ ಹಣ ಹೋದದ್ದು ಹೋಯಿತು. ಅವರಿಗೆ ನಾನೇ ಒಂದು ರಾತ್ರಿ ಉಚಿತವಾಗಿ ಕೋಣೆ ಕೊಟ್ಟೆ. ನಾನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ (ಗುರುತಿನ ಕಳವು) ಮತ್ತು 66ಡಿ (ಸೋಗು ಹಾಕಿ ವಂಚನೆ) ಕಲಮುಗಳನ್ನು ಹೆಸರಿಸಿ ದೂರು ದಾಖಲಿಸಿ, ಅದರ ಪ್ರತಿಯನ್ನು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಗೂ ಕೊಟ್ಟೆ. ದೂರಿನಿಂದ ಖಾತೆ ಬರುತ್ತದೆಂದಲ್ಲ. ನಮ್ಮ ಹೆಸರಿನಲ್ಲಿ ನಡೆದ ವಂಚನೆ ನಮ್ಮದಲ್ಲವೆಂದು ಅತಿಥಿಗಳಿಗೆ ತೋರಿಸಲು ಆ ಸ್ವೀಕೃತಿ ಸಂಖ್ಯೆ ಬೇಕಾಯಿತು.

ಎಂಟನೆಯ ದಿನ ಎಲ್ಲರಿಗೂ ಕೈಬಿಡಲು ಹೇಳಿ, ಖಾತೆಯನ್ನು ಮುಟ್ಟದೆ ಇಮೇಲ್‌ನಿಂದ ಆರಂಭಿಸಿದೆ. ಕಳ್ಳರು ನನ್ನ ಜಿಮೇಲ್‌ಗೂ ಹೋಗಿದ್ದರು. ಸೆಟ್ಟಿಂಗ್ಸ್‌ನಲ್ಲಿ ನಾನು ಹಾಕದ ಒಂದು ಫಿಲ್ಟರ್ ಸಿಕ್ಕಿತು: ಇನ್‌ಸ್ಟಾಗ್ರಾಂನಿಂದ ಬರುವ ಪತ್ರಗಳೆಲ್ಲ ನೇರವಾಗಿ ಟ್ರ್ಯಾಶ್‌ಗೆ ಹೋಗಬೇಕು. ನಿಮ್ಮ ಇಮೇಲ್ ಬದಲಾಗಿದೆ, ನೀವಲ್ಲದಿದ್ದರೆ ಇಲ್ಲಿ ಒತ್ತಿ ಎಂಬ ಎಚ್ಚರಿಕೆ ಪತ್ರ ನನಗೆ ಬಂದಿರಲೇ ಇಲ್ಲವೆಂದು ಗುಂಪಿನಲ್ಲಿ ವಾದಿಸಿದ್ದೆ. ಅದು ಟ್ರ್ಯಾಶ್‌ನಲ್ಲಿ ಬೆಚ್ಚಗೆ ಮಲಗಿತ್ತು. ಅಲ್ಲಿ 30 ದಿನದವರೆಗೆ ಪತ್ರಗಳು ಉಳಿಯುತ್ತವೆ ಎಂಬುದನ್ನು ನೆನಪಿಡಿ. ಆ ಪತ್ರದ ಲಿಂಕ್ ಕೆಲಸ ಮಾಡುವ ಕಾಲ ಮೀರಿತ್ತಾದರೂ, ಫಿಲ್ಟರ್ ಕಿತ್ತು ಹಾಕದೆ ಮುಂದುವರಿದಿದ್ದರೆ ಮುಂದೆ ಬಂದ ಪತ್ರಗಳೂ ಅಲ್ಲಿಗೇ ಹೋಗುತ್ತಿದ್ದವು.

ಎರಡನೆಯದು ಖಾತೆಯ ಹೊಸ ಹೆಸರನ್ನು ಕಂಡುಹಿಡಿಯುವುದು. ನಮ್ಮವರನ್ನೆಲ್ಲ ಕಳ್ಳರು ಬ್ಲಾಕ್ ಮಾಡಿದ್ದರು. ಹಿಂದೊಮ್ಮೆ ನಮಗೆ ಸಂದೇಶ ಕಳುಹಿಸಿದ್ದ ಹಳೆಯ ಅತಿಥಿಯೊಬ್ಬರಿಗೆ ಆ ಸಂಭಾಷಣೆ ತೆರೆದು ನೋಡಲು ವಿನಂತಿಸಿದೆ. ಹೆಸರು ಎಷ್ಟು ಸಲ ಬದಲಾದರೂ ಹಳೆಯ ಸಂಭಾಷಣೆ ಅದೇ ಖಾತೆಗೆ ಅಂಟಿಕೊಂಡಿರುತ್ತದೆ, ಈಗಿನ ಹೆಸರು ಮೇಲೆಯೇ ಕಾಣುತ್ತದೆ.

ಮೂರನೆಯದು ಫೋನು. ಐದಾರು ವರ್ಷ ಆ ಖಾತೆ ತೆರೆದಿದ್ದುದು ತೋಟದ ಲೆಕ್ಕ ಬರೆಯುವ ರೈಟರ್ ಕೈಗೆ ಕೊಟ್ಟುಬಿಟ್ಟಿದ್ದ ಹಳೆಯ ಫೋನಿನಲ್ಲಿ. ಅದನ್ನು ವಾಪಸು ಪಡೆದು, ಮನೆಯ ವೈಫೈಗೆ ಸೇರಿಸಿ, ‘ನನ್ನ ಖಾತೆ ಹ್ಯಾಕ್ ಆಗಿದೆ’ ಎಂಬ ದಾರಿಯಲ್ಲಿ ಹೋಗಿ, ಶುಚಿಗೊಳಿಸಿದ ಇಮೇಲ್ ವಿಳಾಸ ಕೊಟ್ಟು, ವಿಡಿಯೊ ಸೆಲ್ಫಿಯವರೆಗೆ ತಲುಪಿದೆ. ಮೊದಲ ಸೆಲ್ಫಿ ರಾತ್ರಿ ಎಮರ್ಜೆನ್ಸಿ ದೀಪದಲ್ಲಿ ತೆಗೆದದ್ದು, ತಿರಸ್ಕೃತವಾಯಿತು. ಎರಡನೆಯದು ಹಗಲಿನದಾದರೂ ಕನ್ನಡಕ, ಟೋಪಿ, ಮಳೆಗಾಲದ ಗಡ್ಡದ ಸಮೇತ; ಅದೂ ಹೋಯಿತು. ನಮ್ಮ ಖಾತೆಯಲ್ಲಿ ಬೆಟ್ಟ, ಪಂದಿಕರಿ, ಅತಿಥಿಗಳ ಚಿತ್ರಗಳು ನೂರಾರು. ನನ್ನ ಮುಖ ಸರಿಯಾಗಿ ಕಾಣುವುದು ಪುತ್ತರಿ ಸುಗ್ಗಿ ಹಬ್ಬದಂದು ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಉಟ್ಟು ತೆಗೆಸಿಕೊಂಡ ನಾಲ್ಕೈದರಲ್ಲಿ ಮಾತ್ರ. ಗಡ್ಡ ಬೋಳಿಸಿ ಮೀಸೆ ಉಳಿಸಿ, ಕನ್ನಡಕ ತೆಗೆದು, ಬೆಳಗ್ಗೆ ಹತ್ತರ ಬೆಳಕಿನಲ್ಲಿ ಜಗಲಿಯ ಮೇಲೆ ಕುಳಿತು ಹೇಳಿದ ದಿಕ್ಕಿಗೆ ನಿಧಾನವಾಗಿ ತಲೆ ತಿರುಗಿಸಿದೆ. ಎರಡನೆಯ ದಿನ ಲಿಂಕ್ ಬಂದಿತು. ಆ ಮೂರನೆಯ ಅರ್ಜಿಯ ಜೊತೆಗೆ ನಾನು ಮಾಡಿದ ಇನ್ನೊಂದು ಸಣ್ಣ ಕೆಲಸವಿದೆ. ಕಳ್ಳರೂ ಕನ್ನಡ ಓದುತ್ತಾರಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ, ಮುಖತಾ ಕೇಳಿದವರಿಗೆ ಹೇಳುತ್ತೇನೆ.

ಒಳಗೆ ಹೋದ ಸಂಭ್ರಮದಲ್ಲಿ ಪಾಸ್‌ವರ್ಡ್ ಮಾತ್ರ ಬದಲಿಸಿ ಮಲಗಿದೆ. ಬೆಳಗಾಗುವಾಗ ಕ್ರಿಪ್ಟೋ ಜಾಹೀರಾತು ಮತ್ತೆ ಬಂದಿತ್ತು! ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆಗಳನ್ನು ಒಂದಕ್ಕೊಂದು ಜೋಡಿಸುವ ಅಕೌಂಟ್ಸ್ ಸೆಂಟರ್‌ನಲ್ಲಿ ಯಾರದೋ ಫೇಸ್‌ಬುಕ್ ಖಾತೆಯನ್ನು ನಮ್ಮದಕ್ಕೆ ಜೋಡಿಸಿಟ್ಟಿದ್ದರು. ನಾನು ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದೇ ಬಿಟ್ಟಿದ್ದೆ. ಅದನ್ನು ತೆಗೆದು, ಅವರು ಸೇರಿಸಿದ್ದ ಇಮೇಲ್ ಮತ್ತು ಸಂಖ್ಯೆ ಅಳಿಸಿ, ಲಾಗಿನ್ ಆಗಿರುವ ಸಾಧನಗಳೆಲ್ಲವನ್ನೂ ಹೊರಹಾಕಿ, ಹಿಂದೆಂದೋ ಫಾಲೋವರ್ ಲೆಕ್ಕ ನೋಡಲೆಂದು ಅನುಮತಿ ಕೊಟ್ಟಿದ್ದ ಎರಡು ಆ್ಯಪ್‌ಗಳನ್ನು ಕಿತ್ತ ನಂತರ, ಕೊನೆಯದಾಗಿ ಪಾಸ್‌ವರ್ಡ್ ಬದಲಿಸಿದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಡಿ.

ದೃಢೀಕರಣಕ್ಕೆ ಎಸ್ಎಂಎಸ್ ನಂಬಿದರೆ ನಮ್ಮ ಮಳೆಗಾಲದಲ್ಲಿ ನಾವೇ ಹೊರಗುಳಿಯುತ್ತೇವೆ. ದೃಢೀಕರಣದ ಆ್ಯಪ್‌ನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆಗೆ ನೆಟ್‌ವರ್ಕ್ ಬೇಕಿಲ್ಲ. ಹಳೆಯ ಫೋನಿನಲ್ಲಿ ಅದನ್ನು ಹಾಕಿದಾಗ ಸಂಖ್ಯೆಗಳು ಒಂದೂ ಒಪ್ಪಿಗೆಯಾಗಲಿಲ್ಲ. ಅರ್ಧ ದಿನ ತಲೆಕೆಡಿಸಿಕೊಂಡ ಮೇಲೆ ಫೋನಿನ ಗಡಿಯಾರ ಏಳೆಂಟು ನಿಮಿಷ ಹಿಂದಿರುವುದು ಕಂಡಿತು, ಸಮಯ ಸರಿಪಡಿಸಿದೊಡನೆ ಕೆಲಸ ಮಾಡಿತು. ಫೋನು ಕೈಲಿಲ್ಲದಾಗ ಒಳಹೋಗಲು ಮೊದಲೇ ಬರೆದಿಟ್ಟುಕೊಳ್ಳುವ ಬ್ಯಾಕಪ್ ಕೋಡ್‌ಗಳದ್ದು ಇನ್ನೊಂದು ಕಥೆ. ಶಾಯಿ ಪೆನ್ನಿನಲ್ಲಿ ಬರೆದು ಬೀರುವಿನಲ್ಲಿಟ್ಟ ಕಾಗದ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದು 3 ಯಾವುದು, 8 ಯಾವುದು ತಿಳಿಯದಂತಾಯಿತು. ಲ್ಯಾಮಿನೇಷನ್ ಮಾಡಿಸಲು ಅಂಗಡಿಗೆ ಒಯ್ದರೆ ಬೀಗದ ಕೈಯನ್ನು ಬೀದಿಯಲ್ಲಿ ತೋರಿಸಿದಂತೆ. ಈಗ ಪೆನ್ಸಿಲ್‌ನಲ್ಲಿ ಬರೆದು, ಗಾಳಿಯಾಡದ ಕವರಿಗೆ ಹಾಕಿ, ಕಾಫಿ ಪುಡಿಯ ಡಬ್ಬಿಯೊಂದರಲ್ಲಿ ಇಟ್ಟಿದ್ದೇನೆ; ಒಂದು ಮಳೆಗಾಲ ದಾಟಿದೆ, ಅಕ್ಷರ ಕೆಟ್ಟಿಲ್ಲ.

ಆಮೇಲೆ ನಮ್ಮ ಗುಂಪಿನ ಮೂವರ ಖಾತೆಗಳನ್ನು ಇದೇ ಕ್ರಮದಲ್ಲಿ ಬಿಡಿಸಿಕೊಟ್ಟೆ. ಭಾವನ ಮಗನೂ ಈಗ ಇಂಥ ಗಿರಾಕಿಗಳನ್ನು ನನ್ನ ಬಳಿಗೇ ಕಳುಹಿಸುತ್ತಾನೆ. ಆಗದೆ ಉಳಿದದ್ದು ಕಕ್ಕಬ್ಬೆಯ ಆ ಪರಿಚಿತರದು. ಅದರಲ್ಲಿ ಅವರ ಮುಖದ ಚಿತ್ರ ಒಂದೂ ಇರಲಿಲ್ಲ, ನೋಂದಾಯಿಸಿದ ಇಮೇಲ್ ಖಾತೆ ತೆರೆದುಕೊಟ್ಟ ಹುಡುಗನದಾಗಿತ್ತು, ಆ ಕಾಲದ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿತ್ತು. ಕಳೆದ ಪುತ್ತರಿಯ ಹೊತ್ತಿಗೆ ಅದೇ ಖಾತೆಯಿಂದ ನನಗೆ ಇನ್ನೊಮ್ಮೆ ಸಂದೇಶ ಬಂದಿತ್ತು, ಓಟು ಹಾಕಿ ಎಂದು.