ಸಹಜ ಹಕ್ಕಿನ ಪಾಠ: ಲಾಕ್‌ನಿಂದ ಕಾಗೋಡಿಗೆ, ಎರಡು ಪೀರಿಯಡ್‌ನಲ್ಲಿ

'ನಿನಗೆ ಬದುಕುವ ಹಕ್ಕು ಕೊಟ್ಟವರು ಯಾರು?' ಎಂದು ಹೈಸ್ಕೂಲು ಮಕ್ಕಳನ್ನು ಕೇಳಿ. ಬಹುಪಾಲು 'ಸರ್ಕಾರ' ಅನ್ನುತ್ತಾರೆ. ಈ ಉತ್ತರ ಅಲುಗಾಡುವ ತನಕ ಬೋರ್ಡಿನ ಮೇಲೆ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ಹೆಸರನ್ನೂ ಸರ್ಕಾರದ ಬಗೆಗಿನ ಅವನ ಪುಸ್ತಕ ಬಂದ 1689 ಎಂಬ ಇಸವಿಯನ್ನೂ ಬರೆಯಬೇಡಿ. ಬರೆದರೆ ಬಾಯಿಪಾಠವಷ್ಟೇ ಆಗುತ್ತದೆ.

ಮೊದಲ ಪೀರಿಯಡ್‌ನಲ್ಲಿ ಐದೈದು ಮಕ್ಕಳ ಗುಂಪು ಮಾಡಿ ಒಂದು ಸನ್ನಿವೇಶ ಕೊಡಿ: ಊರಲ್ಲಿ ಪೊಲೀಸರಿಲ್ಲ, ತಹಶೀಲ್ದಾರರಿಲ್ಲ, ಕೋರ್ಟಿಲ್ಲ. ರಾತ್ರಿ ಯಾರೋ ಹಳ್ಳದ ನೀರನ್ನು ತಮ್ಮ ಅಡಿಕೆ ತೋಟಕ್ಕೆ ತಿರುಗಿಸಿಕೊಂಡಿದ್ದಾರೆ. ಏನು ಮಾಡುತ್ತೀರಿ? ಹತ್ತು ನಿಮಿಷ ಬಿಡಿ. ಎಲ್ಲ ಗುಂಪೂ ಮೊದಲು ಶಿಕ್ಷೆಯನ್ನೇ ಬರೆಯುತ್ತದೆ. ಆಗ ಕೇಳಿ: ಶಿಕ್ಷೆ ಎಷ್ಟೆಂದು ನಿರ್ಧರಿಸುವವರು ಯಾರು? ನೀರು ಕಳೆದುಕೊಂಡವನೇ ನ್ಯಾಯ ಹೇಳಿದರೆ ಸರಿಯೇ? ಲಾಕ್ ಹೇಳುವ ಮೂರು ಕೊರತೆಗಳು ಇಲ್ಲೇ ಸಿಗುತ್ತವೆ: ಎಲ್ಲರೂ ಒಪ್ಪಿದ ಕಾನೂನಿಲ್ಲ, ಪಕ್ಷಪಾತವಿಲ್ಲದ ನ್ಯಾಯಾಧೀಶನಿಲ್ಲ, ತೀರ್ಪು ಜಾರಿ ಮಾಡುವ ಬಲವಿಲ್ಲ. ಸರ್ಕಾರ ಬೇಕಾಗುವುದು ಇವಕ್ಕೆ. ಹಕ್ಕು ಅದಕ್ಕೂ ಮುಂಚೆಯೇ ಇತ್ತು, ಸಹಜ ಹಕ್ಕು ಎಂದರೆ ಇದೇ. ಸರ್ಕಾರ ಏಕೆ ಬೇಕೆಂದು ಬರೆದ ಇನ್ನಿಬ್ಬರು ಚಿಂತಕರು ಹಾಬ್ಸ್ (1651), ರೂಸೋ (1762). ಲಾಕ್‌ಗೂ ಅವರಿಗೂ ಇರುವ ವ್ಯತ್ಯಾಸಕ್ಕೆ ಐದು ನಿಮಿಷ ಸಾಕು.

ಎರಡನೇ ಪೀರಿಯಡ್ ಪೂರ್ತಿ ಆಸ್ತಿಗೆ ಇಡಿ. ನೆಲದಲ್ಲಿ ದುಡಿಮೆ ಸೇರಿದರೆ ಅದು ದುಡಿದವನದಾಗುತ್ತದೆ, ಇತರರಿಗೂ ಸಾಕಷ್ಟು ಉಳಿದಿದ್ದರೆ, ಎಂಬುದು ಲಾಕ್‌ನ ವಾದ. ಈ ವಾದವನ್ನು ಕಾಗೋಡಿನ ಮೇಲೆ ಪರೀಕ್ಷಿಸಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿ ಅಳೆಯುವ ಕೊಳಗದ ಗಾತ್ರವೇ ತಕರಾರಿನ ಮೂಲ. ಅರ್ಧ ತರಗತಿ ಗೇಣಿದಾರರ ಪರ, ಅರ್ಧ ಒಡೆಯರ ಪರ ವಾದಿಸಲಿ. ಪಕ್ಷವನ್ನು ಚೀಟಿ ಎತ್ತಿಯೇ ಹಂಚಿ, ಮನೆತನದ ಹೆಸರು ತರುವಂತಿಲ್ಲ ಎಂದು ಮೊದಲೇ ಹೇಳಿ. ಎರಡೂ ಕಡೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಎಚ್ಚರ ತಪ್ಪಿದರೆ ಚರ್ಚೆ ಜಾತಿಯ ಜಗಳವಾಗುತ್ತದೆ. ಒಡೆಯರ ಪರದವರು ಪಿತ್ರಾರ್ಜಿತ, ಖರೀದಿ ಎನ್ನುತ್ತಾರೆ. 'ಉತ್ತವನೇ ಒಡೆಯ' ಎಂದು ಬೇಗ ತೀರ್ಪು ಕೊಟ್ಟು ಆ ವಾದವನ್ನು ಮುಚ್ಚಬೇಡಿ. ಕಾನೂನು ಆ ತೀರ್ಮಾನಕ್ಕೆ ಬಂದದ್ದು 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ.

ಮಕ್ಕಳು ಎಡವುವ ಇನ್ನೊಂದು ಜಾಗವಿದೆ: ಸಹಜ ಹಕ್ಕೆಲ್ಲ ಮೂಲಭೂತ ಹಕ್ಕು ಎಂದುಕೊಳ್ಳುವುದು. ಆಸ್ತಿಯ ಹಕ್ಕನ್ನು 1978ರ 44ನೇ ತಿದ್ದುಪಡಿ ಮೂಲಭೂತ ಹಕ್ಕುಗಳ ಭಾಗದಿಂದ ತೆಗೆಯಿತು. ಈಗದು 300ಎ ವಿಧಿಯಲ್ಲಿರುವ ಸಾಂವಿಧಾನಿಕ ಹಕ್ಕು. ಅದಕ್ಕಾಗಿ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋಗಲಾಗದು. ಜೀವದ ಹಕ್ಕು (21ನೇ ವಿಧಿ) ಹಾಗಲ್ಲ.

ಸರ್ಕಾರ ನಂಬಿಕೆ ಮುರಿದರೆ? ಇಲ್ಲಿಗೆ ಶಿಕಾರಿಪುರದ ಈಸೂರು, 1942: ಊರವರು ತಮ್ಮದೇ ಆಡಳಿತ ಘೋಷಿಸಿದರು. ಘರ್ಷಣೆಯಲ್ಲಿ ಅಧಿಕಾರಿಗಳು ಸತ್ತದ್ದನ್ನೂ ಮರುವರ್ಷ ಐವರಿಗೆ ಗಲ್ಲಾದದ್ದನ್ನೂ ಎರಡನ್ನೂ ಹೇಳಿ. ಸಣ್ಣಪುಟ್ಟ ತಪ್ಪಿಗೆಲ್ಲ ಜನ ಬಂಡೇಳುವುದಿಲ್ಲ, ದೀರ್ಘ ದಬ್ಬಾಳಿಕೆಗೆ ಏಳುತ್ತಾರೆ ಎಂಬ ಲಾಕ್‌ನ ಮಾತಿಗೆ ಮಕ್ಕಳು ಅದನ್ನು ಒರೆ ಹಚ್ಚಲಿ.

ಮನೆಕೆಲಸಕ್ಕೆ ಒಂದೇ ಪ್ರಶ್ನೆ: ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮುಳುಗಿದ ಊರಿನವರಿಂದ ಸರ್ಕಾರ ಏನನ್ನು ತೆಗೆದುಕೊಳ್ಳಬಹುದಿತ್ತು, ಏನನ್ನು ತೆಗೆದುಕೊಳ್ಳುವಂತಿರಲಿಲ್ಲ? ಉತ್ತರ ಯಾವ ಕಡೆಗಿದ್ದರೂ ಅಂಕ ಕಳೆಯಬೇಡಿ. ಕಾರಣ ಕೊಡದಿದ್ದರೆ ಮಾತ್ರ ಕಳೆಯಿರಿ.